ಮುನಿಯಪ್ಪನ ಕಟ್ಟು

ಬಸ್ಸು ಹೆಬ್ಬಾಳದ ಕೆರೆ ದಾಟುವಷ್ಟರಲ್ಲಿ ಮುನಿಶಾಮಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಯಲಹಂಕದಲ್ಲಿ ಹತ್ತಿದಾಗಿನಿಂದ ಕಿಟಕಿಯ ಸರಳನ್ನು ಹಿಡಿದುಕೊಂಡೇ ಕೂತಿದ್ದಳು. ಬೆರಳು ಜೋಮು ಹಿಡಿದಿದ್ದರೂ ಬಿಡಲು ಮನಸ್ಸಾಗುತ್ತಿರಲಿಲ್ಲ. ಎರಡು ಸೀಟು ಮುಂದೆ ಅವಳ ಯಜಮಾನರು, ಪಕ್ಕದಲ್ಲಿ ಅವರ ಮೇಸ್ತ್ರಿ ಮುನಿವೆಂಕಟಯ್ಯ. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು, ಹೆಣ್ಣು ನೋಡಲು ಹೊರಟವರ ಹಾಗೆ. ಮೇಸ್ತ್ರಿ ತುಟಿಯಲ್ಲೇ ಏನನ್ನೋ ಗುಣುಗುಣಿಸಿಕೊಳ್ಳುತ್ತಿದ್ದ. ಏನನ್ನೋ ಏನು ಬಂತು, ವಕೀಲರು ಹೇಳಿಕೊಟ್ಟ ಮಾತನ್ನು. ‘ಹೊಸ ಹಗ್ಗ ಬರೋವರ್ಗೂ ಸಾರುವೆ ಹತ್ಬೇಡ ಅಂತ ಪಿಳ್ಳಣ್ಣಂಗೆ ನಾನೇ ಹೇಳಿದ್ದೆ ಸ್ವಾಮಿ, ಅವ್ನು ಕೇಳ್ದೆ ಹತ್ತಿದ.’ ನಿನ್ನೆ ಸಂಜೆ ಜಗಲಿಯ ಮೇಲೆ ಕೂತು ಅದನ್ನು ಎಷ್ಟು ಸಲ ಒಪ್ಪಿಸಿದ್ದನೆಂದರೆ, ಒಳಗೆ ರಾಗಿ ಕೇರುತ್ತಿದ್ದ ಮುನಿಶಾಮಮ್ಮನಿಗೂ ಬಾಯಿಪಾಠವಾಗಿತ್ತು. ಅದು ಸುಳ್ಳು ಅನ್ನುವುದು ಅವಳಿಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು. ಮೇಸ್ತ್ರಿಗಂತೂ ಗೊತ್ತೇ ಇತ್ತು. ಗಾರೆ ಆಳು ಪಿಳ್ಳಣ್ಣ ಸಾರುವೆಯಿಂದ ಬಿದ್ದ ದಿನ ಅವನು ಕೆಲಸದ ಹತ್ತಿರ ಸುಳಿದೇ ಇರಲಿಲ್ಲ.

ಅವಳನ್ನು ಯಾರೂ ಬಾ ಅಂದಿರಲಿಲ್ಲ. ಕಣ್ಣು ಮಂಜಾಗಿದೆ, ಹೇಗೂ ಪೇಟೆಗೆ ಹೋಗ್ತಿದೀರಲ್ಲ, ಕಣ್ಣಾಸ್ಪತ್ರೆಗೆ ತೋರಿಸ್ಕೊಂಡು ಬರೋಣ ಎಂದು ಗಂಟುಬಿದ್ದು ಹೊರಟಿದ್ದಳು. ಪೂರ್ತಿ ನೆಪವೂ ಅಲ್ಲ ಅದು. ಇತ್ತೀಚೆಗೆ ದೂರದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು; ಹತ್ತಿರದ್ದು, ಅಕ್ಕಿಯಲ್ಲಿನ ಕಲ್ಲು, ಸೂಜಿಯ ತೂತು, ಕದಡಿಹೋಗುತ್ತಿತ್ತು. ವಯಸ್ಸಾಯ್ತು ಕಣೇ ಅಂದಿದ್ದರು ಯಜಮಾನರು. ಇದ್ದೀತು. ಮೊದಲು ಲೇಬರ್ ಕಚೇರೀಲಿ ಪಿಳ್ಳಣ್ಣನ ಅರ್ಜಿ ವಿಚಾರಣೆ, ಆಮೇಲೆ ಆಸ್ಪತ್ರೆ, ನೀನು ಹೊರಗೆ ಬೆಂಚಿನ ಮೇಲೆ ಕೂತಿರು, ಯಾರ ಹತ್ರಾನೂ ಮಾತಾಡ್ಬೇಡ ಎಂದು ಮೂರು ಸಲ ಹೇಳಿದ್ದರು. ಆಯ್ತು ಅಂದಿದ್ದಳು. ಮದುವೆಯಾಗಿ ಬಂದಾಗಿನಿಂದ ಆಯ್ತು ಅನ್ನುವುದು ಅವಳಿಗೆ ಉಸಿರಾಡುವಷ್ಟು ಸಲೀಸು. ಆದರೆ ನಿಜಕ್ಕೂ ಯಾಕೆ ಹೊರಟೆ? ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುವಾಗಲೇ ಆ ಪ್ರಶ್ನೆ ಬಂದಿತ್ತು. ಪಿಳ್ಳಣ್ಣನ ಮುಖ ನೋಡಬೇಕೆಂದೇ? ಅವನು ಆಸ್ಪತ್ರೆಯಲ್ಲಿದ್ದಾಗ ಒಂದು ದಿನವಾದರೂ ಹೋಗಿ ನೋಡಲಿಲ್ಲ. ತಣಿಸಂದ್ರಕ್ಕೆ, ಅವನ ಮನೆ ಬಾಗಿಲಿಗೆ, ಮನಸ್ಸಿನಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದಳು. ಕಾಲು ಮಾತ್ರ ಹಿತ್ತಲ ಬಾಗಿಲು ದಾಟಲಿಲ್ಲ.

ಬಸ್ಸಿನ ಸರಳು ತುಕ್ಕು ಹಿಡಿದು ಒರಟಾಗಿತ್ತು. ಅವತ್ತಿನ ಸಾರುವೆಯ ಕಂಬವೂ ಒರಟೇ. ಯಲಹಂಕ ಸ್ಟೇಷನ್ನಿನ ಹಿಂದೆ ಗೋಡೌನಿನ ಗೋಡೆ ಏಳುತ್ತಿತ್ತು, ಗೋಡೆಗೆ ಒತ್ತಿಕೊಂಡು ಸಾರುವೆ: ಸರ್ವೆ ಮರದ ಕಂಬಗಳನ್ನು ನಾರಿನ ಹಗ್ಗದಿಂದ ಬಿಗಿದು, ಮೇಲೆ ಹಲಗೆ ಹಾಸಿ, ಗಾರೆಯವರು ನಿಲ್ಲುವುದಕ್ಕೆ ಮಾಡಿದ ಅಟ್ಟ. ಯಜಮಾನರಿಗೆ ಸಿಕ್ಕ ಮೊದಲ ದೊಡ್ಡ ಕಂಟ್ರಾಕ್ಟು ಅದು. ಅಲ್ಲಿಯವರೆಗೆ ಊರೊಳಗೆ ಕೊಟ್ಟಿಗೆ, ಮಾಳಿಗೆ ಮನೆ ಕಟ್ಟಿಸಿದವರೇ ಹೊರತು ಅಷ್ಟೆತ್ತರದ ಗೋಡೆಗೆ ಕೈ ಹಾಕಿದವರಲ್ಲ. ಭಯವಿತ್ತು ಅವರಿಗೆ, ಭಯವಿದ್ದಾಗ ಯಜಮಾನರು ರೇಗುತ್ತಾರೆ, ಮುನಿಶಾಮಮ್ಮ ಪೂಜೆ ಮಾಡುತ್ತಾಳೆ. ಅವರ ಮನೆತನದಲ್ಲಿ ನೇಗಿಲಾಗಲಿ, ಗಾಡಿಯಾಗಲಿ, ಬಾವಿಯ ರಾಟೆಯಾಗಲಿ, ಹೊಸದಾಗಿ ಕೆಲಸಕ್ಕಿಳಿಯುವ ದಿನ ಮನೆಯ ಹೆಂಗಸು ಅರಿಸಿನದ ದಾರಕ್ಕೆ ನಿಂಬೆಹಣ್ಣು ಪೋಣಿಸಿ ಮನೆದೇವರು ಮುನಿಯಪ್ಪನ ಹೆಸರಿನಲ್ಲಿ ಕಟ್ಟಬೇಕು. ಕಟ್ಟಿದ್ದನ್ನು ಹೊತ್ತು ಮುಳುಗುವವರೆಗೆ ಬಿಚ್ಚಕೂಡದು. ಅವಳ ಅತ್ತೆ ಹಾಗೇ ಮಾಡಿದ್ದಳು, ಅತ್ತೆಯ ಅತ್ತೆಯೂ ಮಾಡಿರಬೇಕು. ಅವತ್ತು ಬೆಳಿಗ್ಗೆ ಮುನಿಶಾಮಮ್ಮ ಮೂಲೆಯ ಕಂಬದಲ್ಲಿ, ಅಡ್ಡ ಹಾಕಿದ ಗಳುವನ್ನು ಬಿಗಿದಿದ್ದ ಹಗ್ಗದ ಗಂಟಿನ ಮೇಲೆಯೇ ದಾರ ಸುತ್ತಿ, ಅರಿಸಿನ ಕುಂಕುಮ ಮೆತ್ತಿ, ಕೈ ಮುಗಿದು ತಿರುಗಿದರೆ ಹಿಂದೆ ಪಿಳ್ಳಣ್ಣ ನಿಂತಿದ್ದ.

‘ಅಮ್ಮಾವ್ರೇ, ಈ ಕಟ್ಟು ನಂಬೋ ಅಂಗಿಲ್ಲ. ಅಗ್ಗ ಮಳೇಲಿ ನೆನ್ದು ನೆನ್ದು ಕರ್ರಗಾಗೋಗದೆ. ಬಿಚ್ಚಿ ಬೇರೆ ಆಕ್ಬೇಕು.’

‘ಈಗ್ತಾನೆ ಮುನಿಯಪ್ಪನ ಹೆಸ್ರಲ್ಲಿ ಕಟ್ಟಿದೀನಲ್ಲೋ! ಹೊತ್ತು ಮುಳುಗ್ಲಿ, ಆಮೇಲೆ ಬಿಚ್ಕೊ.’

‘ಅಲ್ಲಿಗಂಟ ಕೆಲ್ಸ?’

‘ಹತ್ತಪ್ಪ, ಏನೂ ಆಗಲ್ಲ. ಅವನು ನೋಡ್ಕೋತಾನೆ.’

ಪಿಳ್ಳಣ್ಣ ಒಂದು ಗಳಿಗೆ ಹಗ್ಗವನ್ನು ನೋಡಿದ, ಅವಳನ್ನು ನೋಡಿದ, ತಲೆಗೆ ಸುತ್ತಿದ ಟವೆಲ್ಲು ಬಿಗಿ ಮಾಡಿಕೊಂಡು ಹತ್ತಿದ. ಅಷ್ಟೇ ನಡೆದದ್ದು. ಇದನ್ನು ಮುನಿಶಾಮಮ್ಮ ಎಷ್ಟು ಸಲ ತಿರುವಿ ಹಾಕಿದ್ದಳೋ. ಮೊದಮೊದಲು, ನಂಬಿಕೆಯಿಂದ ಹೇಳಿದೆ, ತಪ್ಪೇನಿದೆ, ಮುನಿಯಪ್ಪನೇ ಕೈಬಿಟ್ಟರೆ ನಾನೇನು ಮಾಡಲಿ ಎಂದು ಅತ್ತಿದ್ದಳು. ಆ ಅಳುವಿನಲ್ಲಿ ಒಂದು ಬಗೆಯ ಸುಖವಿತ್ತು. ಆಮೇಲೆ ಒಂದು ಮಧ್ಯಾಹ್ನ, ಸಾರಿಗೆ ಹುಣಿಸೆಹಣ್ಣು ಕಿವುಚುತ್ತಿದ್ದಾಗ, ಹಾಗಲ್ಲ ಅನ್ನುವುದು ಥಟ್ಟನೆ ತಿಳಿಯಿತು. ಹೊಸ ಹಗ್ಗ ಅಲ್ಲಿರಲೇ ಇಲ್ಲ. ಹಿಂದಿನ ಕೆಲಸದಲ್ಲಿ ಬಿಚ್ಚಿ ಕೊಟ್ಟಿಗೆಯ ಹಿಂದೆ ಮಳೆಗೆ ಎಸೆದಿದ್ದ ಹಗ್ಗವನ್ನೇ ಯಜಮಾನರು ತಂದು ಹಾಕಿಸಿದ್ದರು. ಇದು ಸಾಕು ಬಿಡ್ರೋ ಅಂದದ್ದನ್ನು ಇವಳೇ ಕೇಳಿಸಿಕೊಂಡಿದ್ದಳು. ಅವತ್ತು ಅವರು ಸುಣ್ಣ ತರಲು ಯಶವಂತಪುರಕ್ಕೆ ಹೋಗಿದ್ದರು. ಹಗ್ಗಕ್ಕೆ ಆಳು ಕಳಿಸಿದ್ದರೆ ಕೆಲಸ ನಿಲ್ಲುತ್ತಿತ್ತು. ಅವರು ಬಂದು ನೋಡಿ, ಆಳುಗಳೆಲ್ಲ ನೆರಳಲ್ಲಿ ಬೀಡಿ ಸೇದುತ್ತಿದ್ದರೆ, ಹತ್ತು ಜನರ ಮುಂದೆ ಅವಳ ಮಾನ ಕಳೆಯುತ್ತಿದ್ದರು. ನೀನ್ಯಾವಳೇ ಕೆಲಸ ನಿಲ್ಲಿಸೋಕೆ? ಆ ಮಾತು ಅವರ ಬಾಯಿಂದ ಬರುವ ಮೊದಲೇ ಅವಳ ಕಿವಿಗೆ ಕೇಳಿಸಿತ್ತು. ಆ ಬೈಗುಳದಿಂದ ತಪ್ಪಿಸಿಕೊಳ್ಳುವುದಕ್ಕೆ ಮುನಿಯಪ್ಪನನ್ನು ಅಡ್ಡ ತಂದಳು. ಅಯ್ಯೋ, ದೇವರನ್ನು! ಹುಣಿಸೆಹಣ್ಣಿನ ಕೈಯನ್ನು ಹಾಗೇ ನೀರಿನಲ್ಲಿ ಅದ್ದಿಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಅಂದಿನಿಂದ ಅಳು ಬರುವುದು ನಿಂತಿತು.

ಬಿದ್ದ ಸದ್ದು ದೊಡ್ಡದೇನಲ್ಲ. ಹಲಗೆ ಜಾರಿದ ಸದ್ದು, ಬಾಂಡಲಿ ಉರುಳಿದ ಸದ್ದು, ಆಮೇಲೆ ಕಂಬ. ಕಂಬ ಬಿದ್ದದ್ದು ಅವನ ಮೊಣಕಾಲಿನ ಮೇಲೆ. ಹಗ್ಗ ಹರಿದಿತ್ತು, ಅರಿಸಿನದ ದಾರ ಮಾತ್ರ ನಿಂಬೆಹಣ್ಣಿನ ಸಮೇತ ಕಂಬಕ್ಕೆ ಹಾಗೇ ಅಂಟಿಕೊಂಡಿತ್ತು. ಯಾರೋ ಓಡಿದರು, ಯಾರೋ ಜಟಕಾ ತಂದರು, ಪಿಳ್ಳಣ್ಣ ಅಮ್ಮಾ ಎಂದು ಕೂಗಿದ. ತನ್ನ ಅಮ್ಮನನ್ನು ಕರೆದನೋ ಇವಳನ್ನೋ ಇವತ್ತಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಕಾಲು ತೆಗೆದರು ಎಂದು ಸುದ್ದಿ ಬಂತು. ಅದೇ ಸಂಜೆ ಯಜಮಾನರು ನಡುಮನೆಯಲ್ಲಿ ಕಂಬಕ್ಕೊರಗಿ ಕೂತಿದ್ದಾಗ ಅವಳು ಎಲ್ಲವನ್ನೂ ಹೇಳಿದಳು. ಹೊಡೆಯುತ್ತಾರೆ ಅಂದುಕೊಂಡಿದ್ದಳು. ಹೊಡೆಯಲಿಲ್ಲ. ಅವರ ಮುಖ ಒಮ್ಮೆಲೇ ಮುದುಕನ ಮುಖವಾಯಿತು. ‘ನೀನು ಅವತ್ತು ಅಲ್ಲಿರ್ಲಿಲ್ಲ,’ ಅಂದರು, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. ‘ತಿಳೀತಾ? ನೀನು ಅಲ್ಲಿರ್ಲೇ ಇಲ್ಲ.’ ಆಯ್ತು ಅಂದಳು.

ವಕೀಲರು ಮನೆಗೆ ಬಂದಿದ್ದಾಗ ಅವಳು ಕಾಫಿ ಕೊಟ್ಟು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ‘ಕಾನೂನು ಆಳಿನ ಕಡೆಗಿದೆ ಗೌಡ್ರೇ. ಕೆಲ್ಸದ ಮೇಲೆ ಏಟಾದ್ರೆ ಕೆಲ್ಸ ಕೊಟ್ಟೋನು ಪರಿಹಾರ ಕಟ್ಕೊಡ್ಲೇಬೇಕು. ಹಗ್ಗ ಹಳೇದು ಅನ್ನೋದು ಬೇರೆ ಇದೆ. ಒಂದೇ ಒಂದು ಕಿಂಡಿ: ಹತ್ಬೇಡ ಅಂತ ಅಪ್ಪಣೆ ಕೊಟ್ಟಿದ್ರೂ ಮೀರಿ ಹತ್ತಿದ ಅಂತ ಆಗ್ಬೇಕು. ಆಗ ಅವನ ಕಾಲು ಅವನ ತಲೆ ಮೇಲೆ. ಅಪ್ಪಣೆ ಯಾರು ಕೊಟ್ರು?’ ಮೇಸ್ತ್ರಿ ಅಂದರು ಯಜಮಾನರು. ‘ಅವನು ಹತ್ತೋದನ್ನ ಬೇರೆ ಯಾರಾದ್ರೂ ನೋಡಿದಾರಾ?’ ‘ಯಾರೂ ಇಲ್ಲ.’ ‘ಹೆಂಗಸ್ರು ಯಾರೋ ಇದ್ರು ಅಂತ ಅವನ ಹೆಂಡ್ತಿ ಹೇಳ್ಕೊಂಡು ತಿರುಗ್ತಿದಾಳಂತೆ?’ ‘ಯಾವ ಹೆಂಗಸ್ರೂ ಇರ್ಲಿಲ್ಲ,’ ಅಂದರು ಯಜಮಾನರು. ಬಾಗಿಲ ಮರೆಯಲ್ಲಿ ಮುನಿಶಾಮಮ್ಮ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಅವರನ್ನು ದ್ವೇಷಿಸುವುದೂ ಸಾಧ್ಯವಾಗಲಿಲ್ಲ. ಸುಸ್ತಾಗಿತ್ತು ಅವರಿಗೆ, ಇಡೀ ಜೀವಮಾನ ಕೆಸರು ತುಳಿದು ಈಗತಾನೆ ಚಪ್ಪಲಿ ಮೆಟ್ಟಿದ ಮನುಷ್ಯ. ಅವಳನ್ನು ಇಲ್ಲವಾಗಿಸಿದ್ದರಲ್ಲೂ ಒಂದು ಬಗೆಯ ಕಾಳಜಿಯಿದ್ದೀತು. ಯಾರಿಗೆ ಗೊತ್ತು.

ಬಸ್ಸಿಳಿದು ಲೇಬರ್ ಕಚೇರಿ ಸೇರಿದ ಮೇಲೆ, ವರಾಂಡದಲ್ಲಿ ಮುನಿಶಾಮಮ್ಮ ಖಾಲಿಯಿದ್ದ ಕುರ್ಚಿಯ ಮೇಲೆ ಕೂತಳು. ಜವಾನ ಬಂದು, ‘ಏಯ್, ಏಳಮ್ಮ ಏಳು, ಅದು ಸಾಹೇಬ್ರ ಕಡೆಯವ್ರಿಗೆ,’ ಎಂದು ಎಬ್ಬಿಸಿದ. ಯಜಮಾನರು ಕಂಡೂ ಕಾಣದಂತೆ ವಕೀಲರ ಜೊತೆ ಮಾತಾಡುತ್ತಿದ್ದರು. ಕಿವಿಯವರೆಗೂ ಬಿಸಿಯೇರಿತು. ಎದ್ದು ಎಲ್ಲಿ ನಿಲ್ಲಬೇಕೋ ತಿಳಿಯದೆ ನಿಂತಾಗ, ‘ಇತ್ಲಾಗೆ ಬನ್ನಿ ಅಕ್ಕಯ್ಯ,’ ಅನ್ನುವ ದನಿ. ಗೋಡೆ ಬದಿಯ ಬೆಂಚಿನ ಮೇಲೆ ಪಿಳ್ಳಣ್ಣನ ಹೆಂಡತಿ ಯಲ್ಲಮ್ಮ. ಸೆರಗಿನಿಂದ ಬೆಂಚು ಒರೆಸಿ ಜಾಗ ಮಾಡಿಕೊಟ್ಟಳು. ಆಚೆ ತುದಿಯಲ್ಲಿ ಪಿಳ್ಳಣ್ಣ, ಕಂಕುಳಲ್ಲಿ ಊರುಗೋಲು. ಪಂಚೆಯ ಒಂದು ಕಡೆ ಸುಮ್ಮನೆ ಜೋತುಬಿದ್ದಿತ್ತು. ಅವನು ಇವಳನ್ನು ಕಂಡು ಏಳಲು ಹೋದ. ಏಳುವುದಕ್ಕೆ! ಬೇಡ ಬೇಡ ಎಂದು ಮುನಿಶಾಮಮ್ಮ ಕೈಯಾಡಿಸಿದಳು. ಅವನು ಕೂತೇ ತಲೆ ಬಗ್ಗಿಸಿ ಕೈ ಮುಗಿದ. ನೆಲ ಬಾಯಿಬಿಡಬಾರದೆ ಅನ್ನಿಸಿತು. ಮಾತಾಡಬೇಡ ಅಂದಿದ್ದರಲ್ಲ, ಅದೇ ಒಳ್ಳೆಯದಾಯಿತು. ಮಾತಾಡು ಅಂದಿದ್ದರೂ ಏನು ಮಾತಾಡುತ್ತಿದ್ದಳು.

ಯಲ್ಲಮ್ಮನೇ ಶುರು ಮಾಡಿದಳು, ಎದುರಿನ ಗೋಡೆ ನೋಡುತ್ತಾ, ದನಿ ಏರಿಸದೆ. ‘ಇವ್ನು ಎಂಥೋನು ಅಂದ್ರೆ ಅಕ್ಕಯ್ಯ, ರಾತ್ರಿಯೆಲ್ಲಾ ಬಡ್ಕೊಂಡೆ. ಅಮ್ಮಾವ್ರು ಸಾರುವೆ ಅತ್ತು ಅಂದ್ರು ಅಂತ ಇದ್ದಿದ್ದು ಇದ್ದಂಗೆ ಏಳೋ ಅಂದೆ. ಆಗಕಿಲ್ಲ ಅಂತಾನೆ. ಗೌಡ್ರ ಮನೆ ಎಣ್ಮಗಳ ಎಸ್ರು ಕಚೇರೀಲಿ ಎತ್ತೋದಾ, ಅನ್ನ ಇಕ್ಕಿದ ಮನೆ ಅಂತಾನೆ. ಅವ್ನಿಗೆ ಮರ್ಯಾದೆ ಐತೆ. ನಂಗಿಲ್ಲ. ನಂಗೆ ಒಲೆ ಉರೀಬೇಕು.’ ಅಲ್ಲಿಗೆ ಮಾತು ನಿಲ್ಲಿಸಿ ಎಲೆಅಡಿಕೆ ಚೀಲ ತೆಗೆದಳು, ಒಂದೆಲೆಗೆ ಸುಣ್ಣ ಸವರಿ ಮುನಿಶಾಮಮ್ಮನ ಕಡೆ ಚಾಚಿದಳು. ಸಿಟ್ಟಿನಿಂದಲ್ಲ, ಪಕ್ಕದಲ್ಲಿ ಕೂತವರಿಗೆ ಕೊಡುವಂತೆ. ಮುನಿಶಾಮಮ್ಮ ತೆಗೆದುಕೊಂಡಳು. ಸುಣ್ಣ ಹೆಚ್ಚಾಗಿತ್ತು, ನಾಲಿಗೆ ಚುರ್ ಅಂದಿತು. ಉಗಿಯಲು ಜಾಗವಿರಲಿಲ್ಲ, ನುಂಗಿದಳು.

ಒಳಗಿಂದ ಪಿಳ್ಳಣ್ಣನ ಹೆಸರು ಕೂಗಿದರು. ಒಳಗೆ ಬೆಂಚು ಖಾಲಿಯಿತ್ತು, ಬಾಗಿಲು ತೆರೆದೇ ಇತ್ತು. ಯಲ್ಲಮ್ಮ ಗಂಡನ ತೋಳು ಹಿಡಿದು ಒಳಗೆ ಹೋದಳು. ಮುನಿಶಾಮಮ್ಮನೂ ಅವನ ಇನ್ನೊಂದು ಪಕ್ಕಕ್ಕೆ ಕೈ ಕೊಟ್ಟು, ತಾನೇನು ಮಾಡುತ್ತಿದ್ದೇನೆಂದು ಅರಿವಾಗುವ ಮೊದಲೇ ಒಳಗಿದ್ದಳು. ಯಜಮಾನರು ಹುಬ್ಬು ಗಂಟಿಕ್ಕಿ ಹೊರಗೆ ಹೋಗು ಎಂದು ಕಣ್ಣಲ್ಲೇ ಹೇಳಿದರು. ದೂರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತಲ್ಲ, ಕಂಡಿತು. ಹಿಂದಿನ ಬೆಂಚಿನ ಮೇಲೆ ಯಲ್ಲಮ್ಮನ ಪಕ್ಕ ಕೂತುಬಿಟ್ಟಳು. ಮೇಜಿನ ಆಚೆ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಫ್ಯಾನು ಕಿರ್ ಕಿರ್ ಎಂದು ಸುತ್ತುತ್ತಿತ್ತು. ಮೇಸ್ತ್ರಿ ಮುನಿವೆಂಕಟಯ್ಯ ನಿಂತು, ದೇವರ ಮೇಲೆ ಪ್ರಮಾಣ ಮಾಡಿ, ಜಗಲಿಯ ಮೇಲೆ ಒಪ್ಪಿಸಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಚೆನ್ನಾಗಿಯೇ ಹೇಳಿದ. ಎಷ್ಟು ಚೆನ್ನಾಗಿತ್ತೆಂದರೆ ಮುನಿಶಾಮಮ್ಮನಿಗೆ ಒಂದು ಕ್ಷಣ, ಹಾಗೇ ನಡೆದಿದ್ದರೂ ನಡೆದಿರಬಹುದು ಅನ್ನಿಸಿತು. ತಾನು ಅವತ್ತು ಮನೆಯಲ್ಲೇ ಇದ್ದೆ, ದಾರ ಕಟ್ಟಿದ್ದು ಬೇರೆ ಯಾವುದೋ ದಿನ, ಬೇರೆ ಯಾವುದೋ ಕಂಬಕ್ಕೆ. ಹಾಗೆ ಅಂದುಕೊಂಡರೆ ಎಷ್ಟು ಹಗುರ. ಮನೆಗೆ ಹೋಗಿ ಮಲಗಿಬಿಡಬಹುದು.

ಪಿಳ್ಳಣ್ಣನ ಕಡೆ ವಕೀಲರಿರಲಿಲ್ಲ. ಅಧಿಕಾರಿಯೇ ಕೇಳಿದರು. ‘ಮೇಸ್ತ್ರಿ ಹತ್ಬೇಡ ಅಂದಿದ್ನೇನಪ್ಪ?’

‘ಇಲ್ಲ ಸಾಮಿ. ಅವ್ರು ಅವತ್ತು ಅಲ್ಲಿರ್ನಿಲ್ಲ.’

‘ಹಗ್ಗ ಕೆಟ್ಟಿದೆ ಅಂತ ನಿನಗೆ ಗೊತ್ತಿತ್ತು ಅಂತ ಅರ್ಜೀಲಿದೆ. ಗೊತ್ತಿದ್ದೂ ಯಾಕೆ ಹತ್ತಿದೆ? ಯಾರಾದ್ರೂ ಹತ್ತು ಅಂದ್ರಾ?’

ಪಿಳ್ಳಣ್ಣ ಊರುಗೋಲಿನ ತುದಿ ನೋಡುತ್ತಿದ್ದ. ಹಿಂದಕ್ಕೆ ತಿರುಗಲಿಲ್ಲ. ತಿರುಗಿದ್ದರೆ, ಒಂದೇ ಒಂದು ಸಲ ತನ್ನ ಕಡೆ ನೋಡಿದ್ದರೆ, ಅವಳು ತಲೆ ತಗ್ಗಿಸಿಬಿಡುತ್ತಿದ್ದಳೇನೋ. ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

‘ಯಾರೂ ಅನ್ನಿಲ್ಲ ಸಾಮಿ. ನಾನೇ ಅತ್ತಿದೆ.’

ಯಲ್ಲಮ್ಮ ಹಲ್ಲು ಕಚ್ಚಿ, ‘ಥೂ, ನಿನ್ನ ಮರ್ಯಾದೆಗಿಷ್ಟು ಬೆಂಕಿ ಆಕ,’ ಅಂದಳು, ತನ್ನೊಳಗೇ. ವಕೀಲರು ಮುಗುಳುನಕ್ಕು ಗೌಡರ ಕಡೆ ನೋಡಿದರು. ಗುಮಾಸ್ತ ಬರೆದುಕೊಂಡ. ಲೇಖನಿಯ ಸದ್ದು ಕೇಳುತ್ತಿದ್ದಂತೆ ಮುನಿಶಾಮಮ್ಮನಿಗೆ ಎಂಥದೋ ಸುಸ್ತು ಬಂತು. ಬರೆದದ್ದೇ ನಿಜವಾಗುತ್ತದೆ, ಪಿಳ್ಳಣ್ಣ ಹಟಮಾರಿ, ತಾನಾಗಿ ಹತ್ತಿ ತಾನಾಗಿ ಬಿದ್ದ ಎಂದು ಕಾಗದದಲ್ಲಿ ಉಳಿಯುತ್ತದೆ. ಧೈರ್ಯ ಬಂದು ಎದ್ದಳು ಅಂತ ಹೇಳಿದರೆ ಸುಳ್ಳಾದೀತು. ಧೈರ್ಯ ಅವಳಿಗೆ ಯಾವತ್ತೂ ಇರಲಿಲ್ಲ. ಕೂತಿರುವುದು ಇನ್ನು ಆಗಲಿಲ್ಲ, ಅಷ್ಟೇ. ಹೊತ್ತ ಕೊಡ ಇಳಿಸದೆ ಇರಲಾಗದ ಹಾಗೆ.

‘ಸ್ವಾಮಿ, ನಾನಿದ್ದೆ ಅಲ್ಲಿ,’ ಅಂದಳು. ‘ಹತ್ತು ಅಂದದ್ದು ನಾನು.’

ಯಜಮಾನರು ಥಟ್ಟನೆ ಎದ್ದು ನಿಂತರು. ‘ಅವ್ಳಿಗೆ ಕಣ್ಣು ಸರಿಯಿಲ್ಲ ಸ್ವಾಮಿ, ಆಸ್ಪತ್ರೆಗೆ ಅಂತ ಕರ್ಕೊಂಡ್ಬಂದಿದ್ದೆ. ಏನೋ ತೊದಲ್ತಿದಾಳೆ.’

‘ಬಾಯಿ ಸರಿಯಾಗಿದೆಯಲ್ಲ, ಹೇಳ್ಲಿ ಬಿಡಿ,’ ಅಂದರು ಅಧಿಕಾರಿ. ಯಾರೋ ಕಿಸಕ್ಕೆಂದರು. ಅವಳಿಗೆ ಮೈಯೆಲ್ಲ ಮುದುಡಿದಂತಾಯಿತು. ಆದರೂ ಹೇಳಿದಳು. ದಾರ, ನಿಂಬೆಹಣ್ಣು, ಕರ್ರಗಾದ ಹಗ್ಗ, ಹೊತ್ತು ಮುಳುಗುವವರೆಗೆ ಬಿಚ್ಚಬೇಡ ಎಂದದ್ದು. ಹೊಸ ಹಗ್ಗ ಇರಲೇ ಇಲ್ಲ ಅನ್ನುವುದನ್ನೂ ಹೇಳಿದಳು. ವಕೀಲರು ಎದ್ದು, ದಾರಿಯಲ್ಲಿ ಹೋಗುವ ಹೆಂಗಸು ಯಾರೋ ಹತ್ತು ಅಂದರೆ ಅದಕ್ಕೆ ಕೆಲಸ ಕೊಟ್ಟವರು ಹೇಗೆ ಹೊಣೆ, ಇವರು ಸಾಕ್ಷಿ ಪಟ್ಟಿಯಲ್ಲೂ ಇಲ್ಲ ಎಂದು ಇಂಗ್ಲಿಷು ಕನ್ನಡ ಬೆರೆಸಿ ವಾದಿಸಿದರು. ಅಧಿಕಾರಿ ಕೈಯೆತ್ತಿ ತಡೆದರು.

‘ನೋಡಮ್ಮ, ನೀನು ಹತ್ತು ಅಂದ್ರೆ ಅವನ್ಯಾಕೆ ಹತ್ಬೇಕು? ನೀನ್ಯಾರು ಅಲ್ಲಿ?’

ಗುಮಾಸ್ತ ಲೇಖನಿ ಅದ್ದಿಕೊಂಡು, ‘ಹೆಸರು?’ ಅಂದ. ಮುನಿಶಾಮಮ್ಮ ಅಂದಳು. ‘ಗಂಡನ ಹೆಸರು?’

ಫ್ಯಾನು ಕಿರ್ ಕಿರ್ ಅಂದಿತು. ಆ ಹೆಸರು ಅವಳ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಓಟಿನ ಪಟ್ಟಿ ಬರೆಯಲು ಬಂದವರಿಗೆ ಪಕ್ಕದ ಮನೆಯವಳು ಹೇಳಿದ್ದಳು. ಮದುವೆ ಮನೆಗಳಲ್ಲಿ ನಾದಿನಿಯರು ಎಷ್ಟು ಪೀಡಿಸಿದರೂ ಸೆರಗು ಬಾಯಿಗಿಟ್ಟು ತಪ್ಪಿಸಿಕೊಂಡಿದ್ದಳು. ಗಂಡನ ಹೆಸರೆತ್ತಿದರೆ ಗಂಡನ ಆಯಸ್ಸು ಸವೆಯುತ್ತದೆ. ಎತ್ತದಿದ್ದರೆ ಅವಳು ದಾರಿಯಲ್ಲಿ ಹೋಗುವ ಹೆಂಗಸಾಗಿಯೇ ಉಳಿಯುತ್ತಾಳೆ. ಯಜಮಾನರು ಅವಳನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಹೇಳುವುದಿಲ್ಲ ಇವಳು ಅನ್ನುವ ಸಮಾಧಾನವಿತ್ತು. ಅದು ಅವಳಿಗೆ ಚೆನ್ನಾಗಿ ಕಂಡಿತು. ಪಕ್ಕದಲ್ಲಿ ಯಲ್ಲಮ್ಮ ಎದ್ದು ನಿಂತಳು. ಹೆಂಗಸೊಬ್ಬಳು ಹೀಗೆ ಸಿಕ್ಕಿಬಿದ್ದಾಗ ಪಕ್ಕದವಳು ಹೇಳಿಕೊಡುವುದೇ ಪದ್ಧತಿ. ‘ನಾನೇ ಏಳ್ತೀನಿ ಸಾಮಿ, ಅವ್ರ ಯಜಮಾನ್ರು...’ ಎಂದು ಬಾಯಿ ತೆರೆದಿದ್ದಳು. ಮುನಿಶಾಮಮ್ಮ ಅವಳ ಮಣಿಕಟ್ಟು ಹಿಡಿದು ತಡೆದಳು.

‘ಮುನಿಕೃಷ್ಣಪ್ಪ,’ ಅಂದಳು.

ಗುಮಾಸ್ತ ತಲೆಯೆತ್ತಲಿಲ್ಲ. ‘ಕೇಳಿಸ್ಲಿಲ್ಲ. ಜೋರಾಗಿ ಹೇಳಮ್ಮ.’

ಎರಡನೆಯ ಸಲ ಹೇಳುವಾಗ ಯಜಮಾನರ ಮುಖವನ್ನೇ ನೋಡುತ್ತಾ ಹೇಳಿದಳು.